ಬೀಗರ ದೀಪಗಳು

ಹೊನ್ನಮ್ಮ ಬದುಕಿದ್ದಾಳೆ ಎಂದು ಪಿಂಚಣಿ ಕಚೇರಿಗೆ ತಿಳಿಸುವ ಕೆಲಸ ಮೂರನೆಯ ದಿನವೂ ಅರ್ಧಕ್ಕೇ ನಿಂತಿತು. ಬೆರಳು ಒತ್ತಿಸಿಕೊಳ್ಳುವ ಯಂತ್ರ ಒಮ್ಮೆ ಕೆಂಪಗೆ ಮಿನುಗಿ ತೆಪ್ಪಗಾಯಿತು. ಪರದೆಯ ಮೇಲೆ ಗಿರಗಿರನೆ ಸುತ್ತುತ್ತಿದ್ದ ಚಕ್ರ ಇದ್ದಲ್ಲೇ ನಿಂತುಬಿಟ್ಟಿತು. ಮಾಲತಿ ಮೌಸ್ ಅಲ್ಲಾಡಿಸಿದಳು, ಬಾಣದ ಗುರುತು ಜಪ್ಪಯ್ಯ ಎನ್ನಲಿಲ್ಲ. ಕೀಬೋರ್ಡಿನ ಕೀಲಿಗಳನ್ನೆಲ್ಲ ಒಂದು ಸುತ್ತು ಕುಟ್ಟಿ ನೋಡಿದಳು. ಪರದೆಯ ಮೂಲೆಯ ಗಡಿಯಾರ ಕೂಡ ಹನ್ನೊಂದು ಗಂಟೆ ಏಳು ನಿಮಿಷದಲ್ಲಿ ಕಲ್ಲಾಗಿ ಕೂತಿತ್ತು.

“ಎಂತಾ ಆತು ಮಾರಾಯ್ತಿ? ಇವತ್ತಾದ್ರೂ ಬದುಕಿದ್ನಾ ನಾನು?” ಎಂದು ಹೊನ್ನಮ್ಮ ಬೆರಳನ್ನು ತೆಗೆಯದೆಯೇ ಕೇಳಿದಳು.

“ಇಲ್ಲ ಅಜ್ಜಿ. ಅರವತ್ತು ಪರ್ಸೆಂಟಿಗೆ ನಿಂತ್‌ಬಿಟ್ಟದೆ.”

“ಅರವತ್ತು ಸಾಕು ಬಿಡು. ಎಂಬತ್ತು ವರ್ಷ ಆತು ನಂಗೆ, ಇನ್ನು ಪೂರ್ತಿ ಬದುಕಿ ಎಂತಾ ಮಾಡೂಕದೆ?”

ಹೊನ್ನಮ್ಮನ ಗಂಡ ಬಂದರಿನಲ್ಲಿ ಖಲಾಸಿಯಾಗಿದ್ದವನು. ಅವನು ತೀರಿಕೊಂಡ ಮೇಲೆ ಪ್ರತಿ ನವೆಂಬರ್ ತಿಂಗಳಲ್ಲಿ ಅವಳು ತಾನು ಇನ್ನೂ ತೀರಿಕೊಂಡಿಲ್ಲವೆಂದು ಬೆರಳೊತ್ತಿ ಹೇಳಬೇಕು. ಹೇಳುವ ಜಾಗ ಮಂಕಿಯ ಹೊಸಗದ್ದೆ ಕೇರಿಯ ತೆಂಗು ಬೆಳೆಗಾರರ ಸಂಘ. ಕೇಳಿಸಿಕೊಳ್ಳುವವಳು ಮಾಲತಿ. ಸಂಘದಲ್ಲಿ ತೆಂಗಿನಕಾಯಿಯ ಕೆಲಸ ಈಗ ಅಷ್ಟಕ್ಕಷ್ಟೇ. ಪಹಣಿ, ಜಾತಿ ಪ್ರಮಾಣಪತ್ರ, ಬದುಕಿರುವ ಪ್ರಮಾಣಪತ್ರ ಇವುಗಳದ್ದೇ ಭರಾಟೆ. ಇದೆಲ್ಲ ನಡೆಯುವುದು ಕಚೇರಿಯ ಆ ಒಂದೇ ಒಂದು ಕಂಪ್ಯೂಟರಿನಲ್ಲಿ.

ಮಾಲತಿ ಆ ಕಂಪ್ಯೂಟರಿನ ಮುಂದೆ ಕೂತು ಹನ್ನೊಂದು ವರ್ಷವಾಗಿತ್ತು. ಹನ್ನೊಂದು ವರ್ಷವೂ ಅವಳು ತಾತ್ಕಾಲಿಕ. ಈ ನವೆಂಬರ್ ಮೂವತ್ತರ ಸಭೆಯಲ್ಲಿ ಅವಳನ್ನು ಖಾಯಂ ಮಾಡುವ ಠರಾವು ಬರುವುದಿತ್ತು. ಅಷ್ಟು ವರ್ಷ ಕಾದವಳಿಗೆ ಇನ್ನೊಂದು ವಾರ ದೊಡ್ಡದಲ್ಲ. ಆದರೆ ಸರಿಯಾಗಿ ಈ ಹೊತ್ತಿಗೇ ಊರಿನವರ ಬಾಯಲ್ಲಿ ಒಂದು ಮಾತು ಓಡಾಡತೊಡಗಿತ್ತು. ಮಾಲತಿಯ ಕೈಗುಣ ಕೆಟ್ಟಿದೆಯಂತೆ, ಅವಳು ಮುಟ್ಟಿದರೆ ಸಾಕು ಕಂಪ್ಯೂಟರು ನಿಲ್ಲುತ್ತದಂತೆ.

ಮೊದಲು ಹೇಳಿದವನು ಸಂಘದ ಜವಾನ ಮೋಹನ. ಅವನು ಕೆಟ್ಟವನಲ್ಲ, ಬಾಯಿ ಸುಮ್ಮನಿರದವನು, ಅಷ್ಟೇ. ಚಾ ಅಂಗಡಿಯಲ್ಲಿ ಅವನು ಹೇಳಿದ್ದು ಸಂಜೆಯೊಳಗೆ ಸಮುದ್ರದ ದಂಡೆಯವರೆಗೂ ಹೋಗಿ ವಾಪಸು ಬಂತು. ಮಾಲತಿಗೆ ಈ ಮಾತು ತಾಗಿದ ರೀತಿ ಬೇರೆ. ಅವಳ ಕೈಗುಣಕ್ಕೆ ಕೇರಿಯಲ್ಲಿ ಹೆಸರಿತ್ತು. ಮಲ್ಲಿಗೆಯ ಕಡ್ಡಿ ಊರಲು ಅವಳೇ ಬೇಕು, ಕಾವಿಗೆ ಕೂತ ಕೋಳಿಯ ಕೆಳಗೆ ಮೊಟ್ಟೆ ಇಡಲು ಅವಳೇ ಬೇಕು. ಪಕ್ಕದ ಮನೆಯ ಮಾದೇವಿ ಹತ್ತು ವರ್ಷದಿಂದ ಬೇರೆಯವರ ಕೈಯಲ್ಲಿ ಮೊಟ್ಟೆ ಇಡಿಸಿದವಳಲ್ಲ. ಅಂಥ ಮಾದೇವಿ ಹೋದ ವಾರ ಬೇಲಿಯ ಆಚೆಯಿಂದ ಕಾಣದವಳಂತೆ ದಾಟಿ, ಎರಡು ಮನೆ ಆಚೆಯ ಲಕ್ಕಿಯನ್ನು ಕರೆದುಕೊಂಡು ಹೋಗಿ ಮೊಟ್ಟೆ ಇಡಿಸಿದಳು. ಅವತ್ತು ಮಾಲತಿಗೆ ಊಟ ಸೇರಲಿಲ್ಲ.

ಇಷ್ಟಕ್ಕೂ ಕಂಪ್ಯೂಟರಿಗೆ ಆದದ್ದೇನು ಎಂದರೆ, ಮೇ ತಿಂಗಳ ಮೊದಲ ಗುಡುಗಿನಲ್ಲಿ ಒಂದು ಸಿಡಿಲು ಬಂದು ಸಂಘದ ಹಳೆಯ ಇಂಟರ್ನೆಟ್ ಲೈನನ್ನೂ, ಕಂಪ್ಯೂಟರಿನ ಹಿಂದೆ ಆ ಲೈನು ಸಿಕ್ಕಿಸುವ ತೂತನ್ನೂ ಸುಟ್ಟುಹಾಕಿತ್ತು. ಉಳಿದದ್ದೆಲ್ಲ ಸರಿಯಿತ್ತು. ಆಗ ಸಂಘದ ಅಧ್ಯಕ್ಷ ಅಣ್ಣಪ್ಪ ನಾಯ್ಕರು ಉದಾರವಾಗಿ ಮುಂದೆ ಬಂದರು. ಅವರ ಮನೆ ಸಂಘದ ಹಿತ್ತಲಿಗೆ ತಾಗಿಕೊಂಡೇ ಇತ್ತು. ಮನೆಯಿಂದ ಒಂದು ತಂತಿ ಎಳೆಸಿ, ಅದನ್ನು ಸಿಕ್ಕಿಸಲು ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಒಂದು ಬಿಳಿ ನೆಟ್‌ವರ್ಕ್ ಪೆಟ್ಟಿಗೆಯನ್ನು ತರಿಸಿ ಕಂಪ್ಯೂಟರಿನ ಹಿಂದೆ ಹಾಕಿಸಿದರು. ಅದರಲ್ಲಿ ಒಂದು ಹಸಿರು ದೀಪ ಮಿನುಗುತ್ತಿತ್ತು.

ಇದನ್ನು ಉಪಾಧ್ಯಕ್ಷ ಮಾಬ್ಲ ನಾಯ್ಕರು ಒಂದು ತಿಂಗಳು ಸಹಿಸಿದರು. ಆಮೇಲೆ ಜುಲೈಯಲ್ಲಿ ಭಟ್ಕಳದಿಂದ ಪುಟ್ಟ ಕೊಂಬಿರುವ ಒಂದು ವೈಫೈ ಕಡ್ಡಿ ತಂದರು. ಅದನ್ನು ಕಂಪ್ಯೂಟರಿನ ಮುಂದೆ ಸಿಕ್ಕಿಸಿದರೆ ರಸ್ತೆಯಾಚೆಯ ಅವರ ಮನೆಯ ಇಂಟರ್ನೆಟ್ಟು ಗಾಳಿಯಲ್ಲಿಯೇ ಬರುತ್ತದೆ. ಅದರಲ್ಲೊಂದು ನೀಲಿ ದೀಪ. “ಇದು ಭಾರೀ ನಾಜೂಕಿನ ಮಾಲು. ಹೊರಗಿನವ್ರ ಕೈ ತಾಗೂಕಾಗ. ರಾತ್ರೆ ಡ್ರಾವರಲ್ಲಿ ಇಟ್ಟು ಬೀಗ ಹಾಕು, ಬೆಳಿಗ್ಗೆ ನೀನೇ ಸಿಕ್ಸು” ಎಂದು ಮಾಲತಿಯ ಕೈಗೆ ಕೊಟ್ಟರು.

ಒಂದು ಕಂಪ್ಯೂಟರಿಗೆ ಎರಡು ಇಂಟರ್ನೆಟ್ಟು ಯಾಕೆ ಎಂದು ಯಾರಾದರೂ ಕೇಳಬಹುದಿತ್ತು. ಯಾರೂ ಕೇಳಲಿಲ್ಲ. ಯಾಕೆಂದರೆ ಅಣ್ಣಪ್ಪ ನಾಯ್ಕರ ಮಗಳು ಸುಪ್ರಿಯಾಳನ್ನು ಮಾಬ್ಲ ನಾಯ್ಕರ ಮಗ ಪ್ರಕಾಶನಿಗೆ ಕೊಟ್ಟು ಎರಡು ವರ್ಷವಾಗಿತ್ತು. ಇಬ್ಬರೂ ಬೀಗರು. ಬೀಗರೆಂದ ಮೇಲೆ ಒಬ್ಬರ ವಸ್ತುವನ್ನು ಇನ್ನೊಬ್ಬರ ಎದುರು ಬೇಡವೆನ್ನುವ ಧೈರ್ಯ ಆ ಕೇರಿಯಲ್ಲಿ ಯಾರಿಗೂ ಇರಲಿಲ್ಲ. ಅವರಿಬ್ಬರ ಬಾಯಿಯಂತೂ ಜೇನೇ. “ನಂದೆಂತಕೆ, ಬೀಗ್ರದ್ದೇ ಹಾಕು” ಎಂದು ಅಣ್ಣಪ್ಪ ನಾಯ್ಕರು ಹೇಳುವರು. “ಛೆ, ನಂದು ಸುಮ್ನೆ ಇರ್ಲಿ ಅಂತ ಕೊಟ್ಟದ್ದು, ಬೀಗ್ರದ್ದೇ ನಡೀಲಿ” ಎಂದು ಮಾಬ್ಲ ನಾಯ್ಕರು ಹೇಳುವರು. ಹೇಳಿ ಇಬ್ಬರೂ ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಸಂಘದ ಕಡೆಗೆ ವಾಕಿಂಗ್ ಬರುವರು. ಅಣ್ಣಪ್ಪ ನಾಯ್ಕರು ಹಿತ್ತಲ ಕಿಟಕಿಯಲ್ಲಿ ಇಣುಕಿ ಕಂಪ್ಯೂಟರಿನ ಬೆನ್ನಿಗೆ ಹಸಿರು ಮಿನುಗುತ್ತಿದೆಯೇ ಎಂದು ನೋಡುವರು. ಮಾಬ್ಲ ನಾಯ್ಕರು ರಸ್ತೆ ಕಿಟಕಿಯಲ್ಲಿ ಇಣುಕಿ ಎದುರಿಗೆ ನೀಲಿ ಮಿನುಗುತ್ತಿದೆಯೇ ಎಂದು ನೋಡುವರು. ಮಿನುಗುತ್ತಿದ್ದರೆ ಏನೂ ನೋಡದವರಂತೆ ಮುಂದೆ ಹೋಗುವರು.

ಒಂದು ದಿನ ಮಾಲತಿ ನೀಲಿ ಕಡ್ಡಿಯನ್ನು ಸಿಕ್ಕಿಸಲು ಮರೆತಳು. ಮರುದಿನ ಬಾಗಿಲು ತೆರೆಯುವ ಮೊದಲೇ ಸುಪ್ರಿಯಾ ಮೆಟ್ಟಿಲ ಮೇಲೆ ಕೂತಿದ್ದಳು.

“ಮಾಲತಕ್ಕ, ದಮ್ಮಯ್ಯ, ಆ ನೀಲಿ ದೀಪ ಒಂದು ಹತ್ತಿಸಿ ಇಡಿ” ಎಂದಳು. “ನಿನ್ನೆ ರಾತ್ರೆ ಮಾವ ಊಟಕ್ಕೆ ಕೂತವರು ‘ಸಂಘಕ್ಕೆ ನಿನ್ನ ಅಪ್ಪನ ದೀಪ ಒಂದೇ ಸಾಕಂತೆ’ ಅಂದ್ರು. ಮತ್ತೆ ಯಾರೂ ಮಾತೇ ಆಡ್ಲಿಲ್ಲ. ಮೀನು ಸಾರು ಹಾಗೇ ಉಳೀತು.”

ಆ ಹುಡುಗಿಯ ಮುಖ ನೋಡಿ ಮಾಲತಿಯ ಕರುಳು ಚುರುಕ್ಕೆಂದಿತು. ಅವತ್ತಿನಿಂದ ಅವಳು ಒಂದು ದಿನವೂ ಮರೆಯಲಿಲ್ಲ. ಬೀಗ ತೆಗೆದು ಕಸ ಗುಡಿಸುವುದಕ್ಕೂ ಮೊದಲು ಎರಡೂ ದೀಪ ಹತ್ತಿಸುವುದು ಅವಳಿಗೆ ದೇವರಿಗೆ ಕೈ ಮುಗಿದಷ್ಟೇ ರೂಢಿಯಾಯಿತು.

ಕಂಪ್ಯೂಟರು ನಿಲ್ಲತೊಡಗಿದ್ದು ಅದೇ ಜುಲೈಯಲ್ಲಿ. ಆದರೆ ಅದನ್ನು ಇದಕ್ಕೆ ಜೋಡಿಸಿ ನೋಡುವುದು ಯಾರಿಗೂ ಹೊಳೆಯಲಿಲ್ಲ, ಮಾಲತಿಗೂ ಹೊಳೆಯಲಿಲ್ಲ.

ಭಟ್ಕಳದಿಂದ ರಿಪೇರಿಯ ನಿತ್ಯಾನಂದ ಬಂದ. ಕಂಪ್ಯೂಟರುಗಳ ವಿಷಯದಲ್ಲಿ ಅವನ ಮಾತೆಂದರೆ ಭಟ್ಕಳದಿಂದ ಹೊನ್ನಾವರದವರೆಗೆ ಕೊನೆಯ ಮಾತು. ಅವನು ಬಂದಾಗೆಲ್ಲ ಮಾಲತಿ, ಹೊರಗಿನವರ ಕೈ ತಾಗಬಾರದೆಂದು ಮಾಬ್ಲ ನಾಯ್ಕರು ಹೇಳಿದ್ದನ್ನು ನೆನಪಿಟ್ಟು, ನೀಲಿ ಕಡ್ಡಿಯನ್ನು ಕಿತ್ತು ಡ್ರಾವರಿಗೆ ಹಾಕಿ ಬೀಗ ಜಡಿಯುತ್ತಿದ್ದಳು. ನಿತ್ಯಾನಂದ ಎರಡು ತಾಸು ಕೂತು ನೋಡುವನು. ಕಂಪ್ಯೂಟರು ಹಾಲು ಕುಡಿದ ಮಗುವಿನ ಹಾಗೆ ಇರುವುದು. ಅವನು ಬೈಕು ಹತ್ತಿ ಹೋದ ಮೇಲೆ ಮಾಲತಿ ಕಡ್ಡಿಯನ್ನು ಮತ್ತೆ ಸಿಕ್ಕಿಸುವಳು. ಹತ್ತೇ ನಿಮಿಷಕ್ಕೆ ಕಂಪ್ಯೂಟರು ನಿಲ್ಲುವುದು.

ಎರಡನೆಯ ಸಲ ಅವನು ಯಂತ್ರವನ್ನು ಬಿಚ್ಚಿ ಬ್ರಷ್ಷಿನಿಂದ ಧೂಳು ತೆಗೆದ. ಒಳಗೆ ಒಣಗಿ ಹಪ್ಪಳವಾದ ಒಂದು ಹಲ್ಲಿ ಸಿಕ್ಕಿತು. ಎಲ್ಲರೂ ಅದೇ ಕಾರಣವೆಂದು ನಂಬಿದರು. ಮೋಹನ ಅದನ್ನು ಹಿತ್ತಲಲ್ಲಿ ಹೂತು ಒಂದು ಚೆಂಬು ನೀರು ಕೂಡ ಬಿಟ್ಟ. ಮಧ್ಯಾಹ್ನ ಮತ್ತೆ ನಿಂತಿತು. ಮೂರನೆಯ ಸಲ ಮೆಮೊರಿಯ ಪಟ್ಟಿಯನ್ನು ಮಕ್ಕಳ ರಬ್ಬರಿನಿಂದ ತಿಕ್ಕಿದ. ನಾಲ್ಕನೆಯ ಸಲ ಪವರ್ ಸಪ್ಲೈ ಬದಲಿಸಿದ. ಐದನೆಯ ಸಲ ಎಲ್ಲವನ್ನೂ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದ. ಆರನೆಯ ಸಲ ಯಂತ್ರವನ್ನೇ ಬೈಕಿಗೆ ಕಟ್ಟಿಕೊಂಡು ಭಟ್ಕಳಕ್ಕೆ ಒಯ್ದು, ತನ್ನ ಅಂಗಡಿಯಲ್ಲಿ ಮೂರು ಹಗಲು ಮೂರು ರಾತ್ರಿ ಯಕ್ಷಗಾನದ ವಿಡಿಯೋ ಓಡಿಸಿದ. ಒಂದು ಸಲವೂ ನಿಲ್ಲಲಿಲ್ಲ. ವಾಪಸು ತಂದು ಮೇಜಿನ ಮೇಲಿಟ್ಟು ಹೇಳಿದ:

“ಮಶೀನಿಗೆ ಎಂತಾ ಆಗ್ಲಿಲ್ಲ. ಆಗಿದ್ರೆ ಮಂಕಿಗೇ ಎಂತಾದ್ರೂ ಆಗಿರ್ಬೇಕು.”

ಇದು ತಮಾಷೆಗೆ ಹೇಳಿದ್ದು. ಆದರೆ ಅಣ್ಣಪ್ಪ ನಾಯ್ಕರು ಅದನ್ನು ಗಂಭೀರವಾಗಿಯೇ ಹಿಡಿದರು. ಭಟ್ಕಳದಲ್ಲಿ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ಭಟ್ಕಳದಲ್ಲಿ ಇಲ್ಲದ್ದು ಇಲ್ಲೇನಿದೆ? ಮಾಲತಿ ಇದ್ದಾಳೆ. ಹಾಗಾಗಿ ಒಂದು ಪರೀಕ್ಷೆ ಮಾಡಿದರು. ಒಂದು ಬೆಳಿಗ್ಗೆ ಅವಳು ಎರಡೂ ದೀಪ ಹತ್ತಿಸಿ ಕೆಲಸಕ್ಕೆ ಕೂತಿದ್ದಾಗ ಇದ್ದಕ್ಕಿದ್ದಂತೆ ಬಂದು, ಅವಳನ್ನು ಹೊರಗಿನ ಜಗಲಿಯಲ್ಲಿ ಕೂರಿಸಿದರು. ಮೋಹನ ಒಳಗೆ ಕೂತು ಅವಳು ಹೇಳಿದಂತೆ ಒಂದೊಂದೇ ಬೆರಳಿನಲ್ಲಿ ಒತ್ತುವುದು. ಕಂಪ್ಯೂಟರು ನಿಂತಿತು.

“ಈಗ ನಾ ಮುಟ್ಟಿದ್ನಾ?” ಎಂದು ಮಾಲತಿ ಜಗಲಿಯಿಂದಲೇ ಕೂಗಿದಳು. ಅವಳ ದನಿಯಲ್ಲಿ ಗೆದ್ದ ಖುಷಿ ಇತ್ತು.

“ಮುಟ್ಲಿಲ್ಲ, ಹೌದು. ದನಿ ತಾಗ್ತದಲ್ಲ” ಎಂದರು ಅಣ್ಣಪ್ಪ ನಾಯ್ಕರು.

ಮಾಬ್ಲ ನಾಯ್ಕರು ತಲೆದೂಗಿ “ಬೀಗ್ರು ಹೇಳೂದು ಸರಿ” ಎಂದರು. ಬೀಗರು ಹೇಳಿದ್ದು ತಪ್ಪು ಎಂದು ಅವರು ಹೇಗೆ ತಾನೆ ಹೇಳಿಯಾರು!

ಸಭೆಗೆ ಮೂರು ದಿನವಿರುವಾಗ ಅಣ್ಣಪ್ಪ ನಾಯ್ಕರು ಮಾಲತಿಯ ಕೈಗೆ ಅಂಟು ಹಚ್ಚಿದ ಒಂದು ಲಕೋಟೆ ಕೊಟ್ಟು, ಬೆಳಗಿನ ಬಸ್ಸಿಗೇ ಕುಮಟಾಕ್ಕೆ ಹೋಗಿ ಶಾಂತಾರಾಮ ಹೆಗಡೆಯವರಿಗೆ ಖುದ್ದು ತಲುಪಿಸಬೇಕೆಂದರು. ಸಂಘದ ಅರ್ಜೆಂಟ್ ಕಾಗದ, ಅಂಚೆಯಲ್ಲಿ ಕಳಿಸುವಂಥದ್ದಲ್ಲ. ಸಂಘದ ಅರ್ಜೆಂಟ್ ಕಾಗದವನ್ನು ನಂಬಿ ಕೊಟ್ಟರಲ್ಲ ಎಂದು ಮಾಲತಿಗೆ ಒಳಗೊಳಗೇ ಖುಷಿಯೂ ಆಯಿತು. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೋದಳು.

ಹೆಗಡೆಯವರು ಅಣ್ಣಪ್ಪ ನಾಯ್ಕರ ಹಳೆಯ ಸ್ನೇಹಿತರು, ಸಂತೆಗುಳಿಯ ತೋಟದವರು, ಕುಮಟಾ ಪೇಟೆಯಲ್ಲಿ ತೋಟಕ್ಕೆ ಔಷಧಿ ಹೊಡೆಯುವ ಪಂಪುಗಳ ಅಂಗಡಿ ಇಟ್ಟಿದ್ದರು. ಲಕೋಟೆ ಒಡೆದು ಓದಿದರು. ಇನ್ನೊಮ್ಮೆ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಎದ್ದು, ಮೇಜಿನ ಮೇಲಿದ್ದ ತೂಕದ ಮಶೀನನ್ನು ಎತ್ತಿ ಒಳಕೋಣೆಯಲ್ಲಿಟ್ಟು ಬಂದರು.

“ಎಂತಾ ಬರ್ದಿದಾರೆ ಹೆಗಡೇರೇ?” ಎಂದಳು ಮಾಲತಿ.

ಹೆಗಡೆಯವರು ಸುಳ್ಳು ಹೇಳಲು ಬಾರದ ಮನುಷ್ಯ. ಕಾಗದವನ್ನೇ ಅವಳ ಮುಂದೆ ಸರಿಸಿದರು. ಅದರಲ್ಲಿ ಅಣ್ಣಪ್ಪ ನಾಯ್ಕರ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: “ಇದನ್ನು ತಂದವರನ್ನು ಸಂಜೆ ನಾಲ್ಕರವರೆಗೆ ಅಲ್ಲಿಯೇ ಕೂರಿಸಿಕೊಳ್ಳುವುದು. ಚಹಾ ಕೊಡುವುದು. ಯಾವ ಯಂತ್ರವನ್ನೂ ಮುಟ್ಟಗೊಡಬಾರದು.”

“ನಾನು ಇದ್ನೆಲ್ಲ ನಂಬವ ಅಲ್ಲ ತಂಗಿ” ಎಂದರು ಹೆಗಡೆಯವರು ನೆಲ ನೋಡುತ್ತ. “ಆದ್ರೆ ತೂಕದ ಮಶೀನು ಹೊಸತು ಇದ್ದು. ಚಾ ಕುಡಿ.”

ಮಾಲತಿ ಚಾ ಕುಡಿದಳು. ಹನ್ನೊಂದಕ್ಕೊಮ್ಮೆ, ಒಂದಕ್ಕೊಮ್ಮೆ, ಮೂರಕ್ಕೊಮ್ಮೆ ಕುಡಿದಳು. ಎದ್ದು ಹೋಗಬಹುದಿತ್ತು, ಆದರೆ ಅಧ್ಯಕ್ಷರ ಮಾತು ಮೀರಿ ಅವಳಿಗೆ ರೂಢಿಯಿರಲಿಲ್ಲ. ಒಳ್ಳೆಯ ಸೀರೆ ಉಟ್ಟು ಬಂದದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು. ನಾಲ್ಕು ಗಂಟೆಗೆ ಹೆಗಡೆಯವರ ಫೋನು ಬಡಿದುಕೊಂಡಿತು. ಆಚೆಯಿಂದ ಅಣ್ಣಪ್ಪ ನಾಯ್ಕರ ದನಿ ಅಂಗಡಿಯ ಹೊರಗಿನವರೆಗೂ ಕೇಳುತ್ತಿತ್ತು: ಬೆಳಗಿನಿಂದ ಒಂದು ಸಲವೂ ನಿಂತಿಲ್ಲವಂತೆ, ಮೋಹನನೇ ಹದಿನೆಂಟು ಪಹಣಿ ತೆಗೆದನಂತೆ.

ಹೆಗಡೆಯವರು ಒಂದು ಬಿಸ್ಕೀಟಿನ ಪೊಟ್ಟಣ ತಂದು ಅವಳ ಕೈಯಲ್ಲಿಟ್ಟರು.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅಷ್ಟಾದರೂ ಸಿಕ್ಕಿತಲ್ಲ. ಹೊನ್ನಾವರದ ಸೇತುವೆ ಬರುವ ಹೊತ್ತಿಗೆ ಮಾಲತಿ ತನ್ನ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದಳು. ಊರವರು ಹೇಳಿದ್ದು ನಿಜವೇ ಇರಬೇಕು ಎಂದು ಮೊದಲ ಸಲ ಅನ್ನಿಸಿತು. ತಾನಿಲ್ಲದ ದಿನ ಯಂತ್ರ ನಡೆಯಿತು ಎಂದ ಮೇಲೆ ಇನ್ನೇನು ಉಳಿಯಿತು? ಕಣ್ಣು ತುಂಬಿ ಬಂದು ಶರಾವತಿಯ ನೀರು ಕಲಸಿಹೋಯಿತು. ಅಷ್ಟರಲ್ಲಿ ಕಂಡಕ್ಟರ್ ಬಂದು ಆಧಾರ್ ಕಾರ್ಡು ಕೇಳಿದ. ಅದನ್ನು ತೆಗೆಯಲು ಚೀಲದೊಳಗೆ ಕೈಹಾಕಿದರೆ ಕಾರ್ಡಿನ ಜೊತೆಗೆ ಇನ್ನೊಂದು ವಸ್ತುವೂ ಕೈಗೆ ಬಂತು. ಡ್ರಾವರಿನ ಕೀಲಿಕೈ.

ಮಾಲತಿ ಅದನ್ನೇ ನೋಡುತ್ತ ಕೂತಳು. ಕೀಲಿಕೈ ಇಲ್ಲಿದೆ. ಹಾಗಾದರೆ ಡ್ರಾವರಿಗೆ ಬೀಗ ಬಿದ್ದೇ ಇದೆ. ನೀಲಿ ಕಡ್ಡಿ ಇಡೀ ದಿನ ಡ್ರಾವರಿನೊಳಗೇ ಇತ್ತು. ಭಟ್ಕಳಕ್ಕೆ ಹೋದಾಗಲೂ ಹಿಂದಿನ ಬಿಳಿ ಪೆಟ್ಟಿಗೆ ಯಂತ್ರಕ್ಕೆ ಅಂಟಿಕೊಂಡೇ ಹೋಗಿತ್ತು, ಕಡ್ಡಿ ಮಾತ್ರ ಡ್ರಾವರಿನಲ್ಲಿತ್ತು. ನಿತ್ಯಾನಂದ ಬಂದಾಗಲೂ ಅಷ್ಟೇ.

“ಅಕ್ಕಾ, ಟಿಕೇಟು ತಗಳಿ” ಎಂದು ಕಂಡಕ್ಟರ್ ಮೂರು ಸಲ ಹೇಳಬೇಕಾಯಿತು.

ಮರುದಿನ ಅವಳು ಏಳೂವರೆಗೇ ಕಚೇರಿ ತೆರೆದಳು. ಹಸಿರು ಒಂದನ್ನೇ ಹತ್ತಿಸಿ ಮುಕ್ಕಾಲು ತಾಸು ನೋಡಿದಳು, ಕಂಪ್ಯೂಟರು ನಡೆಯಿತು. ಅದನ್ನು ಕಿತ್ತು ನೀಲಿ ಒಂದನ್ನೇ ಹತ್ತಿಸಿದಳು, ನಡೆಯಿತು. ಎರಡನ್ನೂ ಹತ್ತಿಸಿದಳು. ಹನ್ನೊಂದನೆಯ ನಿಮಿಷಕ್ಕೆ ಗಡಿಯಾರ ಸಮೇತ ನಿಂತಿತು. ಅವಳು ನಿತ್ಯಾನಂದನಿಗೆ ಫೋನು ಹಚ್ಚಿದಳು.

“ಎರಡಿತ್ತಾ!” ಎಂದು ಅವನು ಭಟ್ಕಳದಲ್ಲಿ ಕೂತು ಕೂಗಿದ್ದು ಫೋನಿಲ್ಲದೆಯೂ ಕೇಳುವಂತಿತ್ತು. “ಆರು ಸಲ ಬಂದೆ ನಾನು! ಒಂದು ಸಲನಾದ್ರೂ ಹೇಳೂಕೆ ಆಗ್ಲಿಲ್ವಾ ಅಕ್ಕಾ?”

“ನೀವು ಕೇಳ್ಲಿಲ್ಲ. ಅಲ್ದೇ ಹೊರಗಿನವ್ರ ಕೈ ತಾಗೂಕಾಗ ಅಂದಿದ್ರು.”

ನಿತ್ಯಾನಂದ ತಾಳ್ಮೆ ತಂದುಕೊಂಡು ವಿವರಿಸಿದ. ಆ ಎರಡು ವಸ್ತುಗಳನ್ನು ನಡೆಸುವ ಪ್ರೋಗ್ರಾಮುಗಳು ಒಂದಕ್ಕೊಂದು ಆಗಿಬರುವುದಿಲ್ಲ. “ಎರಡೂ ಒಂದೇ ಸಲ ಮಶೀನಿನ ಹತ್ರ ಮಾತಾಡೂಕೆ ಹೋಗ್ತವೆ. ಯಾರಿಗೆ ಉತ್ರ ಕೊಡೂದು ಅಂತ ಅದಕ್ಕೆ ತಿಳೀದಿಲ್ಲ. ಸುಮ್ನೆ ನಿಂತ್‌ಬಿಡ್ತದೆ.”

ಮಾಲತಿ ತಿರುಗಿ ಕಂಪ್ಯೂಟರನ್ನು ನೋಡಿದಳು. ಐದು ತಿಂಗಳು ಅದರ ಮೇಲಿದ್ದ ಸಿಟ್ಟೆಲ್ಲ ಇಳಿದು ಪಾಪ ಅನ್ನಿಸಿತು. ಅದು ಥೇಟ್ ತನ್ನ ಹಾಗೆಯೇ ಇತ್ತು.

“ಈಗ ಎಂತಾ ಮಾಡೂದು?”

“ಎಂತದೂ ಇಲ್ಲ. ಯಾವ್ದಾದ್ರೂ ಒಂದು ಕಿತ್ ಹಾಕಿ” ಎಂದು ಅವನು ಫೋನಿಟ್ಟ.

ಯಾವುದಾದರೂ ಒಂದು! ಭಟ್ಕಳದಲ್ಲಿ ಕೂತು ಹೇಳುವುದು ಸುಲಭ. ಹಸಿರು ಕಿತ್ತರೆ ಅಧ್ಯಕ್ಷರು, ನೀಲಿ ಕಿತ್ತರೆ ಉಪಾಧ್ಯಕ್ಷರು, ಎರಡರಲ್ಲಿ ಯಾವುದನ್ನು ಕಿತ್ತರೂ ನಡುವೆ ಸುಪ್ರಿಯಾ. ಠರಾವಿಗೆ ಸಹಿ ಹಾಕುವವರೂ ಅವರಿಬ್ಬರೇ. ಗಡಿಯಾರದಲ್ಲಿ ಹತ್ತಾಯಿತು. ಹಿತ್ತಲ ಕಿಟಕಿಯಲ್ಲೊಂದು ತಲೆ, ರಸ್ತೆ ಕಿಟಕಿಯಲ್ಲೊಂದು ತಲೆ ಕಂಡವು. ಮಾಲತಿ ಎರಡೂ ದೀಪ ಹತ್ತಿಸಿಯೇ ಇಟ್ಟಿದ್ದಳು. ಕಾರಣ ಗೊತ್ತಾದ ಮೇಲೂ ಹತ್ತಿಸಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಮೂವತ್ತನೆಯ ತಾರೀಕು ಸಭೆ ಕಚೇರಿಯಲ್ಲೇ ಸೇರಿತು. ಒಂಬತ್ತು ಜನ ಸದಸ್ಯರು, ಒಂಬತ್ತು ಪ್ಲಾಸ್ಟಿಕ್ ಕುರ್ಚಿ, ಬೀಗರಿಬ್ಬರೂ ಅಕ್ಕಪಕ್ಕ. ಬಾಗಿಲ ಹೊರಗೆ ಹೊನ್ನಮ್ಮ ಬೆಳಗಿನಿಂದ ಕೂತಿದ್ದಳು. ಅವಳು ಬದುಕಿರುವುದನ್ನು ಹೇಳಲು ಅವತ್ತೇ ಕೊನೆಯ ದಿನ. ಕಂಪ್ಯೂಟರು ಎಂದಿನಂತೆ ಹತ್ತೂ ಹತ್ತಕ್ಕೆ ನಿಂತಿತ್ತು.

ಅಣ್ಣಪ್ಪ ನಾಯ್ಕರು ಗಂಟಲು ಸರಿಮಾಡಿಕೊಂಡರು. “ಮಾಲತಿ ಬಗ್ಗೆ ನಮ್ಮದು ಎಂತಾ ತಕರಾರೂ ಇಲ್ಲ. ಒಳ್ಳೆ ಹುಡುಗಿ. ಹನ್ನೊಂದು ವರ್ಷ ದುಡ್ದಾಳೆ. ಖಾಯಂ ಮಾಡುವ. ಆದ್ರೆ ಒಂದು ಷರತ್ತು. ಅವ್ಳು ಕಂಪ್ಯೂಟರು ಮುಟ್ಟೂಕಾಗ.”

“ಸರಿಯಾದ ಮಾತು” ಎಂದರು ಮಾಬ್ಲ ನಾಯ್ಕರು. “ಅವ್ಳು ಕುರ್ಚಿಲಿ ಕೂರ್ಲಿ, ಹಾಜರಿ ಹಾಕ್ಲಿ. ಒತ್ತೂದೆಲ್ಲ ಮೋಹನ ಒತ್ತಲಿ. ಅವ್ಳು ದೂರದಿಂದ ಕೈ ಮಾಡಿ ತೋರ್ಸಿದ್ರೆ ಸಾಕು.”

“ಕೈ ಮಾಡೂದೂ ಬೇಡ ಬೀಗ್ರೇ, ತಾಗಿದ್ರೆ?”

“ಹೌದು, ಅದೂ ಹೌದು. ಕಣ್ಣು ಮಾಡ್ಲಿ.”

ಸದಸ್ಯರು ಗಂಭೀರವಾಗಿ ತಲೆದೂಗಿದರು. ಕಂಪ್ಯೂಟರ್ ಆಪರೇಟರ್ ಕಂಪ್ಯೂಟರನ್ನು ಮುಟ್ಟದಂತೆ ಖಾಯಂ ಆಗುವ ಠರಾವನ್ನು ಒಬ್ಬರು ಬರೆಯಲೂ ಶುರುಮಾಡಿದರು. ಮಾಲತಿ ಗೋಡೆಗೆ ಒರಗಿ ನಿಂತಿದ್ದಳು. ಸುಮ್ಮನಿದ್ದರೆ ಖಾಯಂ. ಹನ್ನೊಂದು ವರ್ಷ ಬೇಡಿದ್ದು ಇದೇ ತಾನೆ? ಆದರೆ ಕಾವಿನ ಕೋಳಿ ಕಣ್ಣ ಮುಂದೆ ಬಂತು. ಬೇಲಿಯಾಚೆ ಮುಖ ತಿರುಗಿಸಿ ಹೋದ ಮಾದೇವಿ, ಒಳಕೋಣೆಗೆ ಹೋದ ಆ ತೂಕದ ಮಶೀನು ಕೂಡ ಕಣ್ಣ ಮುಂದೆ ಬಂದವು.

“ನನ್ನ ಕೈಗೆ ಎಂತಾ ಆಗ್ಲಿಲ್ಲ” ಎಂದಳು. ದನಿ ತನ್ನದಲ್ಲವೇನೋ ಎಂಬಷ್ಟು ದೊಡ್ಡದಾಗಿತ್ತು. “ಮಶೀನು ನಿಲ್ಲೂದು ನಿಮ್ಮಿಬ್ರ ದೀಪದಿಂದ. ಹಸಿರೂ ನೀಲಿನೂ ಒಟ್ಟಿಗೆ ಹತ್ತಿದ್ರೆ ನಿಲ್ತದೆ. ಒಂದೇ ಇದ್ರೆ ನಡೀತದೆ. ನಿನ್ನೆ ಬೆಳಿಗ್ಗೆ ನೋಡಿದೆ. ನಿತ್ಯಾನಂದನ ಹತ್ರನೂ ಕೇಳಿದೆ. ಎರಡರಲ್ಲಿ ಒಂದು ತೆಗೀಬೇಕು.”

ಬೀಗರಿಬ್ಬರೂ ಒಬ್ಬರನ್ನೊಬ್ಬರು ನೋಡದೆ ಒಂದೇ ಸಲ ನಕ್ಕರು.

“ಅದಕ್ಕೆಂತಾ, ನಂದೇ ತೆಗೀಲಿ” ಎಂದರು ಅಣ್ಣಪ್ಪ ನಾಯ್ಕರು.

“ಛೆ ಛೆ! ಬೀಗ್ರದ್ದು ತೆಗ್ದು ನಂದು ಇಡೂದಾ? ನಾ ಮುಖ ಎಲ್ಲಿ ಇಟ್ಗಳ್ಳಿ? ನಂದೇ ತೆಗೀಲಿ.”

“ಇಲ್ಲ ಬೀಗ್ರೇ. ಹೆಣ್ಣು ಕೊಟ್ಟವ ನಾನು. ತಗ್ಗುವುದು ನನ್ನ ಧರ್ಮ.”

“ಆಹಾ! ಹಾಗಾದ್ರೆ ನಾವು ತಗ್ಸುವವ್ರಾ? ಹೆಣ್ಣು ತಂದವ ದೊಡ್ಡ ಮನಸು ಮಾಡೂಕೆ ತಿಳೀದವ ಅಂತ್ಲಾ ನಿಮ್ಮ ಮಾತು?”

“ನಾ ಹಾಗೆ ಹೇಳಿದ್ನಾ? ನಂದು ತೆಗಿ ಅಂದೆ!”

“ನಂದು ತೆಗೀ ಅಂತ ನಾ ಮೊದ್ಲೇ ಅಂದೆ!”

ದನಿ ಏರಿತು, ಮುಖ ಕೆಂಪಾಯಿತು. ಒಬ್ಬರಿಗಿಂತ ಒಬ್ಬರು ಹೆಚ್ಚು ಬಿಟ್ಟುಕೊಡುವ ಆ ಜಗಳ ನಿಲ್ಲಿಸಲು ಸದಸ್ಯರಿಗೆ ಎದೆ ಬರಲಿಲ್ಲ. ಕೊನೆಗೆ ಅಣ್ಣಪ್ಪ ನಾಯ್ಕರು ಎದ್ದು ಕಂಪ್ಯೂಟರಿನ ಹಿಂದೆ ಕೈಹಾಕಿ ಬಿಳಿ ಪೆಟ್ಟಿಗೆಯನ್ನು ತಂತಿ ಸಮೇತ ಕಿತ್ತರು. ಅದೇ ಕ್ಷಣಕ್ಕೆ ಮಾಬ್ಲ ನಾಯ್ಕರು ಮುಂದಿನಿಂದ ಬಗ್ಗಿ ನೀಲಿ ಕಡ್ಡಿಯನ್ನು ಕಿತ್ತರು. ಇಬ್ಬರೂ ತಮ್ಮ ತಮ್ಮ ವಸ್ತುವನ್ನು ಎದೆಗೆ ಹಿಡಿದುಕೊಂಡು ಏದುಸಿರು ಬಿಡುತ್ತ ನಿಂತರು. ಮೋಹನ ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದ. ಅದು ಚೆನ್ನಾಗಿಯೇ ಎದ್ದು ಕೂತಿತು. ಇಂಟರ್ನೆಟ್ಟು ಮಾತ್ರ ಇರಲಿಲ್ಲ.

“ಆತಾ ನಿಮ್ದು?” ಎಂದಳು ಹೊನ್ನಮ್ಮ ಬಾಗಿಲಿನಿಂದ. “ಇವತ್ತು ಮೂವತ್ತು. ಇವತ್ತು ನಾ ಸತ್ರೆ ನಾಳೆಯಿಂದ ಬದುಕೂಕೆ ಆಗೂದಿಲ್ಲ. ಯಾರಾದ್ರೂ ಒಬ್ರು ನೋಡಿ.”

ಮಾಲತಿ ಗೋಡೆ ಬಿಟ್ಟು ಬಂದು ತನ್ನ ಕುರ್ಚಿಯಲ್ಲಿ ಕೂತಳು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಚೀಲದಿಂದ ತನ್ನ ಮೊಬೈಲು ತೆಗೆದು, ಚಾರ್ಜರಿನ ತಂತಿಯಿಂದ ಅದನ್ನೇ ಕಂಪ್ಯೂಟರಿಗೆ ಸಿಕ್ಕಿಸಿ ಇಂಟರ್ನೆಟ್ಟು ಕೊಟ್ಟಳು. ಹೊನ್ನಮ್ಮನ ಒರಟು ಬೆರಳನ್ನು ತನ್ನ ಸೆರಗಿನಿಂದ ಒರೆಸಿ, ತನ್ನ ಕೈಯಿಂದಲೇ ಹಿಡಿದು ಯಂತ್ರದ ಮೇಲೆ ಒತ್ತಿದಳು. ಚಕ್ರ ಸುತ್ತತೊಡಗಿತು. ಒಂಬತ್ತು ಜನರೂ ಕುರ್ಚಿ ಬಿಟ್ಟು ಅವಳ ಬೆನ್ನ ಹಿಂದೆ ಬಂದು ನಿಂತರು. ಐವತ್ತಾಯಿತು, ಅರವತ್ತಾಯಿತು. ಅರವತ್ತರಲ್ಲಿ ಚಕ್ರ ಕೊಂಚ ತಡವರಿಸಿದಾಗ ಮೋಹನ ಕಣ್ಣು ಮುಚ್ಚಿಕೊಂಡ. ಎಪ್ಪತ್ತು, ತೊಂಬತ್ತು, ನೂರು.

“ಬದುಕಿದ್ರಿ ಅಜ್ಜಿ” ಎಂದಳು ಮಾಲತಿ.

“ಪೂರ್ತಿಯಾ?”

“ಪೂರ್ತಿ.”

“ಒಳ್ಳೆ ಕೈ ಮಗಾ ನಿಂದು” ಎಂದು ಹೊನ್ನಮ್ಮ ಆ ಕೈಯನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡಳು. ಅದನ್ನು ಒಂಬತ್ತು ಜನರೂ ನೋಡಿದರು. ಬರೆಯುತ್ತಿದ್ದ ಸದಸ್ಯರು ಠರಾವಿನಿಂದ ಷರತ್ತಿನ ಸಾಲನ್ನು ಹೊಡೆದುಹಾಕಿದರು. ಬೀಗರಿಬ್ಬರೂ, ಮೊದಲು ನೀವು, ಮೊದಲು ನೀವು ಎಂದು ಕಾಲು ತಾಸು ಉಪಚಾರ ಮಾಡಿಕೊಂಡು ಕೊನೆಗೂ ಸಹಿ ಹಾಕಿದರು.

ಹೊರಡುವಾಗ ಇಬ್ಬರೂ ತಮ್ಮ ವಸ್ತುವನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು, “ಬೀಗ್ರದ್ದೇ ಹಾಕು” ಎಂದರು.

“ಎರಡೂ ತಗಂಡ್ ಹೋಗಿ” ಎಂದಳು ಮಾಲತಿ. “ಇನ್ನು ಎರಡರಲ್ಲಿ ಒಂದನ್ನೂ ನಾ ಸಿಕ್ಸೂದಿಲ್ಲ. ಸಂಘದ್ದೇ ಒಂದು ಲೈನು ಬರೂವರೆಗೆ ನನ್ನ ಮೊಬೈಲು ಅದೆ.” ಹನ್ನೊಂದು ವರ್ಷದಲ್ಲಿ ಆ ಕಚೇರಿಯಲ್ಲಿ ಅವಳು ಇಲ್ಲ ಎಂದದ್ದು ಅದೇ ಮೊದಲು.

ಆ ರಾತ್ರಿ ಅವಳಿಗೆ ಸರಿಯಾಗಿ ನಿದ್ದೆ ಬರಲಿಲ್ಲ. ಸುಪ್ರಿಯಾಳ ಮನೆಯಲ್ಲಿ ಇವತ್ತು ಯಾವ ಸಾರು ಉಳಿಯಿತೋ ಎಂಬ ಹೆದರಿಕೆ. ಬೆಳಿಗ್ಗೆ ಹತ್ತಕ್ಕೆ ಅವಳು ತಲೆ ಬಗ್ಗಿಸಿ ಪರದೆ ನೋಡುತ್ತ ಓರೆಗಣ್ಣಿನಲ್ಲಿ ಕಾದಳು.

ಹಿತ್ತಲ ಕಿಟಕಿಯಲ್ಲಿ ಅಣ್ಣಪ್ಪ ನಾಯ್ಕರ ತಲೆ ಬಂತು. ಕಂಪ್ಯೂಟರಿನ ಬೆನ್ನು ಬೋಳಾಗಿತ್ತು. ಅವರ ಮುಖ ಬಾಡಿತು. ರಸ್ತೆ ಕಿಟಕಿಯಲ್ಲಿ ಮಾಬ್ಲ ನಾಯ್ಕರ ತಲೆ ಬಂತು, ಅವರ ಮುಖವೂ ಬಾಡಿತು. ಎರಡೂ ತಲೆಗಳು ಮಾಯವಾದವು. ಆಮೇಲೆ ಯಾವತ್ತೂ ಆಗದ್ದು ಆಯಿತು. ಅಣ್ಣಪ್ಪ ನಾಯ್ಕರು ಕಟ್ಟಡಕ್ಕೆ ಸುತ್ತು ಹಾಕಿ ರಸ್ತೆ ಕಿಟಕಿಗೆ ಬಂದು ಕಂಪ್ಯೂಟರಿನ ಎದುರು ಭಾಗವನ್ನು ಇಣುಕಿದರು. ಮಾಬ್ಲ ನಾಯ್ಕರು ಇನ್ನೊಂದು ಬದಿಯಿಂದ ಸುತ್ತು ಹಾಕಿ ಹಿತ್ತಲ ಕಿಟಕಿಗೆ ಬಂದು ಅದರ ಬೆನ್ನನ್ನು ಇಣುಕಿದರು. ಬೀಗರ ದೀಪವೂ ಇರಲಿಲ್ಲ.

ಎರಡೂ ಕಿಟಕಿಗಳಲ್ಲಿ ಎರಡೂ ಮುಖಗಳು ನಿಧಾನಕ್ಕೆ ಅರಳಿದವು. ಅಣ್ಣಪ್ಪ ನಾಯ್ಕರು ಸಣ್ಣಗೆ ಸೀಟಿ ಹಾಕುತ್ತ ರಸ್ತೆಯಲ್ಲಿ ಹೋದರು. ಮಾಬ್ಲ ನಾಯ್ಕರು ಹಿತ್ತಲಲ್ಲಿ ಬಿದ್ದಿದ್ದ ಒಂದು ತೆಂಗಿನಕಾಯಿಯನ್ನು ಎತ್ತಿ ಜಗಲಿಯ ಮೇಲಿಟ್ಟು ಹೋದರು.

ಮಾಲತಿ ಮೌಸ್ ಬಿಟ್ಟು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಐದು ತಿಂಗಳು ಎರಡೂ ದೀಪ ಹತ್ತಿಸಿ ಒಮ್ಮೆಯೂ ಕಾಣದ ಸಂತೋಷ, ಎರಡನ್ನೂ ಆರಿಸಿದ ಮೊದಲ ಬೆಳಿಗ್ಗೆಯೇ ಇಬ್ಬರ ಮುಖದಲ್ಲೂ ಕಂಡಿತ್ತು. ನಗು ತಡೆಯಲಾಗದೆ ಅವಳು ಮೇಜಿನ ಮೇಲೆ ಹಣೆಯಿಟ್ಟಳು, ಭುಜ ಕುಣಿಯುತ್ತಿತ್ತು, ಕಣ್ಣಲ್ಲಿ ನೀರೂ ಬಂತು.

ಮೋಹನ ಗಾಬರಿಯಿಂದ ಓಡಿ ಬಂದ. “ಎಂತಾ ಆತು ಮಾಲತಕ್ಕ? ಮತ್ತೆ ನಿಂತ್ತಾ?”

“ಇಲ್ವಾ ಮಾರಾಯ, ನಡೀತಾ ಅದೆ” ಎಂದು ಅವಳು ಕಣ್ಣೊರೆಸಿಕೊಂಡಳು. ಬಾಗಿಲಲ್ಲಿ ಮಾದೇವಿ ಸೆರಗಿನೊಳಗೆ ಏನನ್ನೋ ಜೋಪಾನವಾಗಿ ಹಿಡಿದುಕೊಂಡು, ಒಳಗೆ ಬರಲೋ ಬೇಡವೋ ಎಂದು ನಿಂತಿದ್ದಳು. ಅವಳ ಇನ್ನೊಂದು ಕೋಳಿ ಕಾವಿಗೆ ಕೂತಿತ್ತು, ಸೆರಗಿನಲ್ಲಿ ಹದಿಮೂರು ಮೊಟ್ಟೆಗಳಿದ್ದವು.